ಗಾಯಗೊಂಡ ಕಾಡುಜೀವಿಗಳೂ ನಮ್ಮ ಕರ್ತವ್ಯವೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನು ಬರೆಯಲು ಅರ್ಹರು ಬೇರೆ ಇದ್ದಾರೆ. ಆದುದರಿಂದ ನಾನು, ಉದಕಮಂಡಲದಿಂದ ಮಸಿನಗುಡಿ, ಗೂಡಲೂರಿನವರೆಗೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೆ ಮೇಲಿಂದ ಮೇಲೆ ಎದುರಾಗುವ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಗಾಯಗೊಂಡ ಹಕ್ಕಿಯೋ ಅಳಿಲೋ ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

ನಾನು ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ, ಬೇಸಗೆ ಸಮೀಪಿಸಿತೆಂದರೆ ಹುಡುಗರು ಟೋಪಿಯಲ್ಲಿಟ್ಟುಕೊಂಡು ಪಿಕಳಾರದ ಮರಿಗಳನ್ನು ತರುತ್ತಿದ್ದರು. 'ತಾಯಿ ಬಿಟ್ಟು ಹೋಗಿದೆ ಸಾರ್' ಎಂಬುದೇ ಎಲ್ಲರ ಹೇಳಿಕೆ. ಮೈತುಂಬ ಗರಿ ಬಂದು, ಬಾಲ ಮಾತ್ರ ಮೋಟಾಗಿ, ನೆಲದ ಮೇಲೆ ಕುಪ್ಪಳಿಸುವ ಮರಿ ಅನಾಥವಲ್ಲ. ಅದು ಗೂಡಿನಿಂದಿಳಿದು ಹಾರುವ ಪಾಠ ಕಲಿಯುತ್ತಿರುತ್ತದೆ. ತಾಯಿತಂದೆಗಳು ಹತ್ತಿರದ ಪೊದೆಯಲ್ಲೇ ಇದ್ದು, ನಾವು ದೂರ ಸರಿಯಲೆಂದು ಕಾಯುತ್ತಿರುತ್ತವೆ. ಬೆಕ್ಕು ನಾಯಿಗಳ ಬಾಯಿಗೆ ಸಿಕ್ಕದಂತೆ ಒಂದು ಕೊಂಬೆಯ ಮೇಲೆ ಕೂರಿಸಿ ಬಂದರೆ ಸಾಕು. ಗರಿ ಮೂಡದ ಮರಿಯಾದರೆ ಗೂಡಿಗೇ ಮರಳಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ.

ನಿಜವಾಗಿ ಗಾಯಗೊಂಡ ಜೀವಿಯ ಮಾತು ಬೇರೆ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಒಸರುತ್ತಿದ್ದರೆ, ಬೆಕ್ಕು ಕಚ್ಚಿದ್ದರೆ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರಲ್ಲಿಟ್ಟು ಮುಚ್ಚಿ, ಬೆಚ್ಚಗೆ, ಸದ್ದಿಲ್ಲದ ಕಡೆ ಇಡಬೇಕು. ಕತ್ತಲೆಯೇ ಅದಕ್ಕೆ ಮೊದಲ ಔಷಧಿ. ನಮ್ಮವರು ಮರುಕದಿಂದ ಮೊದಲು ಮಾಡುವ ಕೆಲಸವೆಂದರೆ ಕೊಕ್ಕು ಬಿಡಿಸಿ ನೀರು ಹನಿಸುವುದು. ಆ ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯುವುದುಂಟು. ಅಳಿಲಿನ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತುತ್ತದೆ. ಆಮೇಲೆ ಅರಣ್ಯ ಇಲಾಖೆಗೆ ತಿಳಿಸಬೇಕು. ಹೀಗೆ ಕೈಗೆ ಬಂದ ವನ್ಯಪ್ರಾಣಿಯ ವಿಚಾರವನ್ನು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ವಿಧಿಸಿದೆ.

ಕಾಯ್ದೆಯ ಹೆಸರೆತ್ತಿದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ. 'ಮಗುವಿನ ಹಾಗೆ ಸಾಕಿದ್ದೇವೆ, ಕೊಡುವುದು ಹೇಗೆ?' ಎಂದು ಗಿಳಿಯ ಪಂಜರವನ್ನು ತೋರಿಸುತ್ತಾರೆ. ಅವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆರೈಕೆಯ ಗುರಿ ಕಾಡು, ಪಂಜರವಲ್ಲ. ಮೊಟ್ಟೆಯೊಡೆದು ಬಂದ ಬಾತುಮರಿಗಳು ಮೊದಲು ಕಂಡ ಮನುಷ್ಯನನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ವಿವರಿಸಿದ ಕೊನ್ರಾಡ್ ಲೊರೆನ್ಜ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯರ ಕೈತುತ್ತಿಗೆ ಒಗ್ಗಿದ ಪ್ರಾಣಿ ನಾಯಿಗೂ ಹೆದರುವುದಿಲ್ಲ, ಬೇಟೆಗಾರನಿಗೂ ಹೆದರುವುದಿಲ್ಲ. ಅದನ್ನು ಒಂದು ದಿನ ಕಾಡಿನಂಚಿನಲ್ಲಿ ಬಿಟ್ಟು ಬಂದರೆ ಅದು ಬಿಡುಗಡೆಯೆನಿಸದು. ತಿಳಿದವರು ಆದಷ್ಟು ಕಡಿಮೆ ಮುಟ್ಟುತ್ತಾರೆ, ಮಾತನಾಡಿಸುವುದಿಲ್ಲ, ಹಾರಾಡಲು ವಿಶಾಲವಾದ ಗೂಡಿನಲ್ಲಿಟ್ಟು ರೆಕ್ಕೆಯ ಬಲ ನೋಡಿ, ಸಿಕ್ಕಿದ ಸ್ಥಳದ ಸಮೀಪವೇ ಬಿಡುತ್ತಾರೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಯಲ್ಲಿ ಈ ಕ್ರಮವನ್ನು ಕೇಳಿ ತಿಳಿಯಬಹುದು. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಸೀಳಿಕೊಂಡ ಹದ್ದುಗಳಿಗೂ ಅಲ್ಲಿ ಚಿಕಿತ್ಸೆಯಾಗುತ್ತದೆ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ; ಅಂಗಡಿಗಳಲ್ಲಿ ಸಿಗುವುದು ನಿಂತಿಲ್ಲ.

ಇನ್ನೊಂದು ಆಕ್ಷೇಪವಿದೆ. ಆನೆ ತುಳಿದು ಜನ ಸಾಯುವ ಈ ಸೀಮೆಯಲ್ಲಿ ಅಳಿಲಿನ ಕಾಲು ಮುರಿದದ್ದು ದೊಡ್ಡ ಸಂಗತಿಯೇ ಎಂದು ಗೂಡಲೂರಿನ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಕಾಲು ಹೇಗೆ ಮುರಿಯಿತೆಂದು ವಿಚಾರಿಸಿದರೆ ಬಹುಪಾಲು ನಮ್ಮ ಮನೆಬಾಗಿಲಿಗೇ ಬಂದು ನಿಲ್ಲುತ್ತೇವೆ. ವಾಹನ, ಉರುಳು, ನಾವು ಹಾದಿಗೆ ಬಿಟ್ಟ ನಾಯಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿರುವುದು ಸುಮ್ಮನೆ ಅಲ್ಲ.

ರಣಹದ್ದಿನ ಕಥೆಯಂತೂ ಇನ್ನೂ ಕಠೋರ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಬಹುತೇಕ ಎಲ್ಲವೂ ನಾಶವಾಗಿದ್ದವು. 2006ರಲ್ಲಿ ಪಶುಗಳಿಗೆ ಆ ಔಷಧಿಯನ್ನೂ, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನೂ ಸರ್ಕಾರ ನಿಷೇಧಿಸಿತು. ದಕ್ಷಿಣ ಭಾರತದಲ್ಲಿ ರಣಹದ್ದು ಗೂಡುಕಟ್ಟುವ ಕೆಲವೇ ತಾಣಗಳಲ್ಲಿ ನಮ್ಮ ಮೋಯಾರು ಕಣಿವೆಯೂ ಒಂದು. ಹೀಗೆ ವಿಷವುಂಡು ಕುತ್ತಿಗೆ ಜೋತುಬಿದ್ದ ಹಕ್ಕಿಯನ್ನು ಎತ್ತಿ ತಂದರೂ ಉಳಿಸುವುದು ದುಸ್ಸಾಧ್ಯ. ಮಸಿನಗುಡಿಯ ಗೋಪಾಲಕರು ಪಶುವೈದ್ಯರಲ್ಲಿ ಮೆಲೊಕ್ಸಿಕ್ಯಾಮ್ ಕೊಡಿರೆಂದು ಕೇಳುವುದೇ ಇಲ್ಲಿನ ನಿಜವಾದ ಚಿಕಿತ್ಸೆ.

ಮಕ್ಕಳಿಗೆ ಹೇಳಲೇಬೇಕಾದ ಎಚ್ಚರಿಕೆ ಒಂದುಂಟು. ಸತ್ತ ಅಥವಾ ಜಡವಾಗಿ ಕುಳಿತ ಮಂಗವನ್ನು ಮುಟ್ಟಕೂಡದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ 2012ರಲ್ಲಿ ನೆರೆಯ ಬಂಡೀಪುರದಲ್ಲೂ ತಲೆಯೆತ್ತಿತು. ಬಾವಲಿ, ಮುಂಗುಸಿ, ಪುನುಗುಬೆಕ್ಕು ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವಿಚಾರ ಕೇಳಬೇಕು.

ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಯೋಚನೆ ಹಳೆಯ ವಿದ್ಯಾರ್ಥಿ ಸಂಘಕ್ಕಿದೆಯೆಂದು ಕೇಳಿದ್ದೇನೆ. ಕಟ್ಟಿಸಲಿ, ಸಂತೋಷ. ಜೊತೆಗೆ ವರ್ಷಕ್ಕೊಮ್ಮೆ ಮರಿಗಳ ಕಾಲ ಬರುವ ಮುನ್ನ ಪಶುವೈದ್ಯರೊಬ್ಬರನ್ನೂ ಅರಣ್ಯ ಇಲಾಖೆಯವರೊಬ್ಬರನ್ನೂ ಶಾಲೆಗೆ ಕರೆಸುವ ಏರ್ಪಾಡಾಗಲಿ. ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯ ಮೇಲೆ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆ, ಬೀರುವಿನಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ, ದಪ್ಪ ಕೈಗವಸು ಒಂದು ಜೊತೆ ಇರಲಿ. ಕೈಗವಸಿನ ವೆಚ್ಚವನ್ನು ನಾನು ಕೊಡುತ್ತೇನೆ.