ಲಂಕಾವಿ ದ್ವೀಪದಲ್ಲಿ ಒಂದು ದಿನ

ಮಲೇಷ್ಯಾ ದೇಶದ ವಾಯವ್ಯ ಮೂಲೆಯಲ್ಲಿ, ಥೈಲೆಂಡಿನ ಗಡಿಗೆ ಸಮೀಪವಾಗಿ, ಲಂಕಾವಿ ಎಂಬ ದ್ವೀಪಸಮೂಹವಿದೆ. ಚಿಕ್ಕಪುಟ್ಟವೆಲ್ಲ ಸೇರಿ 99 ದ್ವೀಪಗಳೆಂದು ಲೆಕ್ಕ. ಇದು ಕೆಡಾ ಪ್ರಾಂತಕ್ಕೆ ಸೇರಿದ್ದು. ಚೋಳರ ಶಾಸನಗಳಲ್ಲಿ ಬರುವ ಕಡಾರವೇ ಈ ಕೆಡಾ. 1987ರಲ್ಲಿ ಲಂಕಾವಿಯನ್ನು ಸುಂಕರಹಿತ ಪ್ರದೇಶವೆಂದು ಘೋಷಿಸಿದ ಮೇಲೆ ಅಂಗಡಿಗಳು ಬೆಳೆದವು. ಅಲ್ಲಿಗೆ ಹೋಗಿ ಚಾಕೊಲೇಟು, ಸುಗಂಧದ್ರವ್ಯ ಕೊಳ್ಳುವುದರಲ್ಲಿಯೇ ಹೊತ್ತು ಕಳೆಯುವವರೂ ಉಂಟು. ಒಂದೇ ದಿನದ ಬಿಡುವಿದ್ದವರು ಅಂಗಡಿಗಳನ್ನು ಬಿಟ್ಟು ದ್ವೀಪವನ್ನು ನೋಡುವುದು ಲೇಸು.

ಇಲ್ಲಿಯ ಮುಖ್ಯ ಪಟ್ಟಣ ಕುವಾ. ಮಲಯ ಭಾಷೆಯಲ್ಲಿ ಕುವಾ ಎಂದರೆ ಸಾರು! ಇದರ ಹಿಂದೆ ಒಂದು ಕಥೆಯಿದೆ. ಮಾತ್ ರಾಯ, ಮಾತ್ ಚಿಂಚಾಂಗ್ ಎಂಬ ಇಬ್ಬರು ದೈತ್ಯರು ಬೀಗತನ ಬೆಳೆಸಲು ಹೊರಟು, ಮದುವೆಯ ಚಪ್ಪರದಲ್ಲಿಯೇ ಜಗಳಕ್ಕೆ ನಿಂತರಂತೆ. ಕೈಗೆ ಸಿಕ್ಕ ಪಾತ್ರೆಗಳೆಲ್ಲ ಹಾರಾಡಿದವು. ಗಡಿಗೆ ಒಡೆದ ಸ್ಥಳ ಬೆಲಾಂಗ ಪೆಚಾ, ಸಾರು ಚೆಲ್ಲಿದ ಊರು ಕುವಾ, ಬಿಸಿನೀರು ಬಿದ್ದ ಊರು ಆಯೆರ್ ಹಾಂಗತ್. ಪಶ್ಚಾತ್ತಾಪದಿಂದ ಬೀಗರಿಬ್ಬರೂ ಬೆಟ್ಟಗಳಾಗಿ ನಿಂತರೆಂದೂ, ಬಿಡಿಸಲು ಬಂದವನು ನಡುವಿನ ಗುಡ್ಡವಾದನೆಂದೂ ಪ್ರತೀತಿ. ಮದುವೆಮನೆಯ ಊಟದ ಜಗಳ ಎಲ್ಲ ದೇಶಗಳಿಗೂ ಸಮಾನವೆಂದು ಕಾಣುತ್ತದೆ.

ಸಾರಿನ ಮಾತು ಬಂದುದರಿಂದ ನಮ್ಮ ಮನೆತನಗಳ ಯಾತ್ರಿಕರಿಗೆ ಒಂದು ಸೂಚನೆ. ಮಲಯ ಅಡುಗೆಯಲ್ಲಿ ಸೊಪ್ಪು, ತರಕಾರಿಗೂ ಸೀಗಡಿಯನ್ನು ಅರೆದು ಮಾಡಿದ 'ಬೆಲಾಚಾನ್' ಎಂಬ ಮುದ್ದೆಯನ್ನು ಬೆರೆಸುವ ರೂಢಿಯುಂಟು. ಕೇವಲ 'ಮಾಂಸ ಬೇಡ' ಎಂದರೆ ಸಾಲದು. ಕುವಾದಲ್ಲಿ ಭಾರತೀಯ ಭೋಜನಾಲಯಗಳಿರುವುದರಿಂದ ಅಲ್ಲಿಯೇ ಉಪಾಹಾರ ಮುಗಿಸಿ ಬುತ್ತಿಯನ್ನೂ ಕಟ್ಟಿಸಿಕೊಳ್ಳುವುದು ಕ್ಷೇಮ.

ಬೆಳಿಗ್ಗೆ ದೋಣಿಯಲ್ಲಿ ಡಾಯಾಂಗ್ ಬುಂಟಿಂಗ್ ದ್ವೀಪಕ್ಕೆ ಹೋಗಿಬರಬಹುದು. ಆ ಹೆಸರಿಗೆ 'ಬಸುರಿ ಕನ್ಯೆ' ಎಂದರ್ಥ. ದೂರದಿಂದ ನೋಡಿದರೆ ಗುಡ್ಡಗಳ ಸಾಲು ಅಂಗಾತ ಮಲಗಿದ ಗರ್ಭಿಣಿಯಂತೆಯೇ ತೋರುವುದು. ಒಳಗೆ ಸುಣ್ಣಕಲ್ಲಿನ ಗೋಡೆಯೊಂದರ ಆಚೆ ಉಪ್ಪುಸಮುದ್ರ, ಈಚೆ ಸಿಹಿನೀರಿನ ಸರೋವರ. ಗಂಧರ್ವಕನ್ಯೆಯೊಬ್ಬಳು ತನ್ನ ಸತ್ತ ಹಸುಗೂಸನ್ನು ಈ ನೀರಿಗೆ ಒಪ್ಪಿಸಿ ಹೋದಳೆಂದು ಕಥೆ. ಮಕ್ಕಳಿಲ್ಲದ ಹೆಂಗಸರು ಇಲ್ಲಿ ಮಿಂದರೆ ಫಲ ದೊರೆಯುವುದೆಂಬ ನಂಬಿಕೆಯಿಂದ ದೂರದೂರದಿಂದ ಬರುವರು.

ಮಧ್ಯಾಹ್ನ ಪಶ್ಚಿಮಕ್ಕೆ ನಡೆದರೆ ಮಾಚಿಂಚಾಂಗ್ ಬೆಟ್ಟ. ಇದರ ಮರಳುಗಲ್ಲು 50 ಕೋಟಿ ವರ್ಷಕ್ಕೂ ಹಳೆಯದು. ಮಲೇಷ್ಯಾದ ಅತ್ಯಂತ ಪ್ರಾಚೀನ ಶಿಲೆ. 2007ರಲ್ಲಿ ಯುನೆಸ್ಕೊ ಲಂಕಾವಿಯನ್ನು ಜಾಗತಿಕ ಭೂಉದ್ಯಾನವೆಂದು ಮನ್ನಿಸಿತು. ತಂತಿಯ ಮೇಲೆ ತೂಗುವ ಡಬ್ಬಿಗಳು 700 ಮೀಟರಿಗೂ ಮಿಕ್ಕ ಎತ್ತರಕ್ಕೆ ಒಯ್ಯುವುವು. ಮೇಲೆ ಒಂದೇ ಕಂಬದಿಂದ ಇಳಿಬಿಟ್ಟ 125 ಮೀಟರ್ ಉದ್ದದ ಬಾಗುಸೇತುವೆಯಿದೆ. ಮೋಡವಿಲ್ಲದಿದ್ದರೆ ಥೈಲೆಂಡಿನ ದ್ವೀಪಗಳೂ ಕಾಣುವುವು.

ಆದರೆ ಈ ದ್ವೀಪದ ಹೃದಯವಿರುವುದು ಬೆಟ್ಟದ ತುದಿಯಲ್ಲಲ್ಲ, ಉಲು ಮೆಲಾಕದ ಸಮೀಪದ ಒಂದು ಬಿಳಿಯ ಗೋರಿಯಲ್ಲಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಮಹ್ಸೂರಿ ಎಂಬ ಸುಂದರಿಯಿದ್ದಳು. ಗಂಡ ಯುದ್ಧಕ್ಕೆ ಹೋಗಿದ್ದಾಗ, ಊರೂರು ತಿರುಗುವ ಕವಿಯೊಬ್ಬನಿಗೆ ಅವಳು ಆಶ್ರಯ ಕೊಟ್ಟಳು. ಅವಳ ಚೆಲುವಿಗೆ ಕರುಬುತ್ತಿದ್ದ ಊರ ಮುಖ್ಯಸ್ಥನ ಹೆಂಡತಿಗೆ ಅಷ್ಟೇ ಸಾಕಾಯಿತು. ವ್ಯಭಿಚಾರದ ಅಪವಾದ ಹೊರಿಸಿದಳು. ಎಳೆಯ ಮಗುವಿನ ತಾಯಿಯನ್ನು ಕಟ್ಟಿಹಾಕಿ ಇರಿದರು. ಆಯುಧಗಳು ನಾಟಲಿಲ್ಲ. ಕಡೆಗೆ ಅವಳೇ, ತನ್ನ ಮನೆಯ ಕಿರು ಖಡ್ಗವೊಂದೇ ತನ್ನನ್ನು ಕೊಲ್ಲಬಲ್ಲುದೆಂದು ಹೇಳಿಕೊಟ್ಟಳಂತೆ. ಹರಿದದ್ದು ಬಿಳಿಯ ರಕ್ತ. ಏಳು ತಲೆಮಾರಿನವರೆಗೆ ಈ ದ್ವೀಪ ಏಳಿಗೆ ಹೊಂದದಿರಲೆಂದು ಶಪಿಸಿ ಕಣ್ಣು ಮುಚ್ಚಿದಳು.

ಬಿಳಿಯ ರಕ್ತವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ನಮ್ಮನ್ನು ಕಾಡಿದ್ದು ಬೇರೊಂದು. ಕಥೆಯಲ್ಲಿ ಒಬ್ಬಳು ಚಾಡಿ ಹೇಳಿದಳು, ಮಿಕ್ಕವರು? ನೆರೆಹೊರೆಯವರು, ಅವಳ ಕೈಯ ಅನ್ನ ಉಂಡವರು, ನಿಂತು ನೋಡಿದರು. ಅವರ ಹೆಸರುಗಳನ್ನು ಕಥೆ ಉಳಿಸಿಕೊಂಡಿಲ್ಲ. ಅವಳ ಸಂತತಿಯವರೆನ್ನುವ ಕುಟುಂಬ ಥೈಲೆಂಡಿನ ಫುಕೆಟ್ ದ್ವೀಪದಲ್ಲಿ ಪತ್ತೆಯಾಯಿತು. ಏಳನೆಯ ತಲೆಮಾರಿನ ಹೆಣ್ಣುಮಗಳನ್ನು ಲಂಕಾವಿಯವರು ಮರ್ಯಾದೆಯಿಂದ ಬರಮಾಡಿಕೊಂಡರು.

ವಿಮಾನ ನಿಲ್ದಾಣದ ದಾರಿಯಲ್ಲಿ ಪಾಡಾಂಗ್ ಮತ್ಸಿರಾತ್ ಎಂಬ ಹಳ್ಳಿ ಸಿಗುತ್ತದೆ. 1821ರಲ್ಲಿ ಸಯಾಮಿನ ಸೇನೆ ಕೆಡಾದ ಮೇಲೆ ದಂಡೆತ್ತಿ ಬಂದಿತು. ಶತ್ರುವಿಗೆ ಒಂದು ಕಾಳೂ ದೊರೆಯಬಾರದೆಂದು ಊರವರು ಇಲ್ಲಿ ತಮ್ಮ ಕಣಜಗಳಿಗೆ ತಾವೇ ಬೆಂಕಿಯಿಟ್ಟರು. ಶಾಪ ಫಲಿಸಿತೆಂದು ಜನ ಆಡಿಕೊಂಡರು. ಮಳೆ ಬಿದ್ದ ಮರುದಿನ ನೆಲದಿಂದ ಕರಿಯ ಅಕ್ಕಿಕಾಳುಗಳು ಮೇಲೆ ಬರುವುದುಂಟೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ.