ಮಣಿಕಟ್ಟಿನ ಪ್ಲೇಟು, ಮನೆಯ ಕಡತ

ಅಂಗಳದಲ್ಲಿ ಜಾರಿ ಕೈಯೂರಿ ಬಿದ್ದ ಹಿರಿಯರ ಮಣಿಕಟ್ಟಿಗೆ ಅಂಗೈಯ ಕಡೆಯಿಂದ ಪ್ಲೇಟು ಕೂರಿಸುವುದು ಈಗ ಸಾಮಾನ್ಯ. ಮೂಳೆ ಕೂಡಿತೆಂದು ಮನೆಯವರು ಕಾಗದಗಳನ್ನು ರದ್ದಿಗೆ ಹಾಕುವುದೂ ಉಂಟು. ಅದು ಅವಸರದ ಕೆಲಸ. ಪ್ಲೇಟಿನ ಅಂಚು ಉಬ್ಬಿ ನಿಂತಿದ್ದರೆ, ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ಅದಕ್ಕೆ ಉಜ್ಜಿ ಉಜ್ಜಿ ಸವೆದು, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅನಂತರ ಹರಿಯಬಹುದು. ಸ್ಕ್ರೂ ಹಿಂಬದಿಗೆ ಚಾಚಿದ್ದರೆ ಹೆಬ್ಬೆರಳನ್ನು ಎತ್ತುವ ರಜ್ಜುವಿಗೂ ಅದೇ ಗತಿ.

ಹರಿಯುವ ಮುನ್ನ ಹಲವರಿಗೆ ಸುಳಿವು ಸಿಗುತ್ತದೆ: ಹೆಬ್ಬೆರಳು ಆಡಿಸುವಾಗ ಮಣಿಕಟ್ಟಿನಲ್ಲಿ ನೋವು, ಊತ, ಕರಕರ ಎನ್ನುವ ಅನುಭವ. ತುದಿಯ ಗಿಣ್ಣು ತಾನಾಗಿ ಮಡಿಯದೆ ಹೋದರೆ ರಜ್ಜು ಹರಿದಿರುವ ಶಂಕೆ ಬಲವಾದುದು. ಪಕ್ಕದಿಂದ ತೆಗೆದ ಎಕ್ಸ್‌ರೇ ಪ್ಲೇಟಿನ ಉಬ್ಬನ್ನು ತೋರಿಸೀತು, ರಜ್ಜುವನ್ನಲ್ಲ. ಬೆರಳಾಡಿಸುತ್ತ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ರಜ್ಜುವೇ ಕಾಣುತ್ತದೆ. ಸಕಾಲದಲ್ಲಿ ಪ್ಲೇಟು ತೆಗೆಸಿದರೆ ಅದು ಉಳಿದೀತು.

ಇನ್ನು ಕಡತದ ಮಾತು. 2002ರ ವೈದ್ಯಕೀಯ ನಡತೆಯ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ವೈದ್ಯರು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕು. ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕು. ರಜ್ಜುವಿಗೆ ಆ ಗಡುವಿನ ಹಂಗಿಲ್ಲ. ಬಿಡುಗಡೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಎಕ್ಸ್‌ರೇಗಳ ಪ್ರತಿಯನ್ನು ಮನೆಗೆ ಮರಳಿದ ವಾರದಲ್ಲೇ ಲಿಖಿತವಾಗಿ ಬೇಡಿ ಪಡೆದು, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ ಇರುವ ಪೆಟ್ಟಿಗೆಯಲ್ಲೇ ಇರಿಸತಕ್ಕದ್ದು.