ಕೆಸರು ಕೈಗೆ ಗಾಜಿನ ಬಟ್ಟಲು

ಗಾಜಿನ ಬೇಸಿನ್ ನಮ್ಮ ಮನೆಗಳಿಗೆ ಸಲ್ಲದ ವಸ್ತು. ಇದನ್ನ ಮೊದಲೇ ಹೇಳಿಬಿಡುತ್ತೇನೆ. ಈ ಮಾತಿಗೆ ನನ್ನ ಜೊತೆ ಜಗಳಕ್ಕೆ ಬರೋರು ಊರಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಮೊದಲನೆಯವನು ನನ್ನ ಮಗ.

2023ನೇ ಇಸವಿ ಜುಲೈನಲ್ಲಿ ಟೊಮೇಟೊ ಕಿಲೋ ನೂರು ರೂಪಾಯಿ ದಾಟಿತ್ತಲ್ಲ, ಆಗ ಕೈಗೆ ನಾಲ್ಕು ಕಾಸು ಸಿಕ್ಕಿದವರು ಮನೆ ಕಟ್ಟೋಕೆ ಇಳಿದರು. ನಮ್ಮ ಮನೆಯ ಪಾಯವೂ ಹಂಗೇ ಬಿದ್ದಿದ್ದು. ನಾನು ಹಾಡು ಹೇಳೋನು. ಗೃಹಪ್ರವೇಶಕ್ಕೆ ಕರೀತಾರೆ ಅಂತ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯೆಲ್ಲ ಹೋಗಿ ಬಂದಿದ್ದೀನಿ. ಹೋದ ಕಡೆಯಲ್ಲೆಲ್ಲ ಊಟದ ಹೊತ್ತಿಗೆ ಕೈ ತೊಳೆಯೋಕೆ ಹೋದರೆ ಕಲ್ಲಿನ ಹಲಗೆ ಮೇಲೆ ಒಂದು ಬಣ್ಣದ ಗಾಜಿನ ಬಟ್ಟಲು, ಅದರ ಪಕ್ಕ ಕೊಕ್ಕರೆ ಕತ್ತಿನಂಥ ನಲ್ಲಿ. ಪಕ್ಕದಲ್ಲಿ ಮನೆಯವರು ಒಂದು ಬಕೆಟ್ಟು, ಒಂದು ಮಗ್ಗು ಇಟ್ಟಿರುತ್ತಾರೆ. "ಅಣ್ಣಾ, ಅದರಲ್ಲಿ ಬೇಡ, ಇಲ್ಲಿ ತೊಳ್ಕೊಳ್ಳಿ" ಅಂತಾರೆ. ಕೈ ತೊಳೆಯೋಕೆ ಬಾರದ ಬೇಸಿನ್ ಯಾಕೆ ಸ್ವಾಮಿ?

ನಮ್ಮ ಮನೆ ಗಾರೆ ಕೆಲಸ ಮುಗಿಯೋ ಹೊತ್ತಿಗೆ ಮಗ ನನ್ನನ್ನ ಅಂಗಡಿಗೆ ಕರಕೊಂಡು ಹೋದ. ಅಂಗಡಿ ಹುಡುಗ ನೀಲಿ ಬಟ್ಟಲು ತೋರಿಸಿದ, ಒಳಗೆ ದೀಪ ಬಿಟ್ಟು ತೋರಿಸಿದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಟ್ಟಲು, ಉದ್ದ ಕತ್ತಿನ ನಲ್ಲಿ, ಕೆಳಗಿನ ಪೈಪು ಎಲ್ಲ ಸೇರಿ ಹದಿನಾಲ್ಕು ಸಾವಿರ ಅಂದ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಟೊಮೇಟೊ ಕಿಲೋ ಐದು ರೂಪಾಯಿಗೆ ಬಿದ್ದ ದಿನಗಳನ್ನ ನಾವು ನೋಡಿಲ್ಲವಾ? ಇಪ್ಪತ್ತೈದು ಕಿಲೋ ಬಾಕ್ಸಿಗೆ ನೂರಿಪ್ಪತ್ತೈದು ರೂಪಾಯಿ. ಹದಿನಾಲ್ಕು ಸಾವಿರಕ್ಕೆ ನೂರಾಹನ್ನೆರಡು ಬಾಕ್ಸು. ಅಷ್ಟು ಹಣ್ಣು ಬಿಡಿಸಿದ ಹೆಂಗಸರ ಕೂಲಿ, ಬಾಡಿಗೆ, ಕಮಿಷನ್ ಇನ್ನೂ ಕಳೆದಿಲ್ಲ. ನೂರು ರೂಪಾಯಿ ರೇಟಿನಲ್ಲಿ ಆಸೆ ಹುಟ್ಟುತ್ತೆ, ಐದು ರೂಪಾಯಿ ರೇಟಿನಲ್ಲಿ ಸಾಲ ತೀರಿಸಬೇಕಾಗುತ್ತೆ. ಇದು ರಾಯಕೋಟೆ ಮಾರ್ಕೆಟ್ಟಿಗೆ ಬಾಕ್ಸು ಹೊತ್ತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದುಡ್ಡಿನ ಮಾತು ಬಿಡಿ, ದುಡ್ಡಿದ್ದವರು ತಗೋತಾರೆ ಅಂತೀರ. ಸರಿ, ನೀರಿನ ಮಾತಿಗೆ ಬರೋಣ. ನಮ್ಮದು ಬೋರ್‌ವೆಲ್ ನೀರು. ಗಡಸು ನೀರು, ಸುಣ್ಣದ ಅಂಶ ಜಾಸ್ತಿ. ಒಂದು ಹನಿ ಒಣಗಿದರೆ ಒಂದು ಬಿಳಿ ಕಲೆ. ಬಿಳಿ ಪಿಂಗಾಣಿ ಮೇಲೆ ಆ ಕಲೆ ಕಾಣೋದು ಕಮ್ಮಿ. ನೀಲಿ ಗಾಜಿನ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತೆ. ದಿನಾ ಮೂರು ಹೊತ್ತು ಬಟ್ಟೆ ತಗೊಂಡು ಒರೆಸಬೇಕು. ಒರೆಸೋರು ಯಾರು? ಮಗನೂ ಅಲ್ಲ, ನಾನೂ ಅಲ್ಲ, ಸೊಸೆ. ಕಲೆ ಹೋಗಲಿ ಅಂತ ಆಸಿಡ್ ಸುರಿದರೆ ನಲ್ಲಿಯ ಹೊಳಪು ಕಿತ್ತು ಬರುತ್ತೆ. ಹುಣಸೆಹಣ್ಣಿನ ನೀರೋ ನಿಂಬೆಹಣ್ಣೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಸಾಕು. ಹಿತ್ತಾಳೆ ಚೊಂಬು ಬೆಳಗಿದ ನಮ್ಮ ತಾಯಂದಿರಿಗೆ ಇದು ಗೊತ್ತಿತ್ತು.

ಇನ್ನು ಎತ್ತರ. ಇದನ್ನ ಮನೆ ಕಟ್ಟೋರು ದಯವಿಟ್ಟು ಗಮನಿಸಿ. ನಮ್ಮ ಮೇಸ್ತ್ರಿಗಳು ಕಲ್ಲಿನ ಹಲಗೆಯನ್ನ ಅಭ್ಯಾಸ ಬಲದಿಂದ ನೆಲದಿಂದ ಮೂವತ್ತೆರಡು ಇಂಚಿಗೆ ಕೂರಿಸುತ್ತಾರೆ. ಬಟ್ಟಲು ಹಲಗೆಯ ಒಳಗೆ ಇಳಿಯೋದಾದರೆ ಅದು ಸರಿ. ಹಲಗೆಯ ಮೇಲೆ ಕೂರೋ ಬಟ್ಟಲಾದರೆ ಇನ್ನೂ ಆರು ಇಂಚು ಏರುತ್ತೆ. ಬಾಯಿ ಮೂವತ್ತೆಂಟು ಇಂಚಿಗೆ ಹೋಯಿತು. ನಾಲ್ಕು ವರ್ಷದ ಮಗು ನಿಂತರೆ ಅದರ ಮೂಗು ಬಟ್ಟಲ ಅಂಚಿಗೆ ಬರುತ್ತೆ. ಗೂನು ಬೆನ್ನಿನ ಅಜ್ಜಿ ಕೈ ಎತ್ತಿ ತೊಳೆದರೆ ನೀರು ಮೊಣಕೈಯಿಂದ ಇಳಿದು ಸೀರೆ ಒದ್ದೆ. ಹಟ ಹಿಡಿದು ಮೇಲೆ ಕೂರೋ ಬಟ್ಟಲೇ ಬೇಕು ಅಂದರೆ, ಹಲಗೆಯನ್ನ ಇಪ್ಪತ್ತಾರು ಇಂಚಿಗೆ ಇಳಿಸೋಕೆ ಮೊದಲೇ ಹೇಳಿ. ಕಲ್ಲು ಕೂತ ಮೇಲೆ ಹೇಳಿ ಪ್ರಯೋಜನ ಇಲ್ಲ.

ನಲ್ಲಿ ಕಥೆ ಇನ್ನೊಂದು. ಅಂಗಡಿಯಲ್ಲಿ ಮೋಟರ್ ಇಟ್ಟು ನೀರು ಬಿಟ್ಟು ತೋರಿಸುತ್ತಾರೆ, ಜಲಪಾತದ ಹಾಗೆ ಬೀಳುತ್ತೆ. ನೀರಿನ ಒತ್ತಡ ಅನ್ನೋದು ಟ್ಯಾಂಕಿನ ಎತ್ತರದಿಂದ ಬರೋದು, ಮೇಷ್ಟ್ರುಗಳಿಗೆ ಗೊತ್ತಿದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ನಮ್ಮ ಮನೆ ಟ್ಯಾಂಕು ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಹೆಚ್ಚು. ಮನೆಗೆ ತಂದು ಕೂರಿಸಿದರೆ ಆ ಜಲಪಾತ ಮಕ್ಕಳ ಮೂಗು ಸೋರಿದ ಹಾಗೆ ಸೋರುತ್ತೆ. ಜೊತೆಗೆ, ಪಿಂಗಾಣಿ ಬೇಸಿನ್ ಅಂಚಿನ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ನೋಡಿದ್ದೀರ? ಕಸ ಕಟ್ಟಿಕೊಂಡರೂ, ಮಗು ನಲ್ಲಿ ಬಿಟ್ಟು ಓಡಿಹೋದರೂ ನೀರು ಅದರಲ್ಲಿ ಇಳಿದು ಹೋಗುತ್ತೆ. ಗಾಜಿನ ಬಟ್ಟಲಿಗೆ ಹೆಚ್ಚಾಗಿ ಆ ತೂತೇ ಇರೋದಿಲ್ಲ. ನೀರು ನೇರ ನೆಲಕ್ಕೆ.

ಒಡೆಯೋದಿಲ್ಲವಂತೆ, ಟಫನ್ಡ್ ಗಾಜಂತೆ. ಗಟ್ಟಿ ಗಾಜು ಹೌದು. ಆದರೆ ಅಂಚಿಗೆ ಸರಿಯಾದ ಏಟು ಬಿದ್ದರೆ ಅದು ಬಿರುಕು ಬಿಟ್ಟು ನಿಲ್ಲೋ ಜಾತಿಯಲ್ಲ, ಒಂದೇ ಸಲ ಪುಡಿಪುಡಿ. ನಮ್ಮ ಮನೆಯಲ್ಲಿ ಹಿತ್ತಾಳೆ ಚೊಂಬಿದೆ, ಕುಡುಗೋಲಿದೆ, ಸಲಿಕೆ ತೊಳೆಯೋ ಕೆಲಸ ಇದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ದೊಡ್ಡವರು ಅಂದರು. ಆ ಕೆಸರು ಕೈ ಕಂಡರೆ ಹೆದರೋ ಬಟ್ಟಲು ರೈತನ ಮನೆಗೆ ಯಾಕೆ?

"ಹಂಗಾದ್ರೆ ಬಡವರು ಅಂದ ನೋಡಬಾರದಾ?" ಅಂತ ಮಗ ಕೇಳಿದ. ಒಳ್ಳೆ ಪ್ರಶ್ನೆ. ನೋಡಬೇಕು. ನನ್ನ ತಂಬೂರಿಯೂ ಅಂದವಾಗಿದೆ. ಆದರೆ ಅದರ ಬುರುಡೆ ಅಂದಕ್ಕೆ ಇಟ್ಟದ್ದಲ್ಲ, ನಾದಕ್ಕೆ ಇಟ್ಟದ್ದು. ಮುಟ್ಟಬೇಡ ಅಂತ ತಂಬೂರಿಯನ್ನ ಗೋಡೆಗೆ ನೇತು ಹಾಕಿದರೆ ಅದು ಸೋರೆ ಬುರುಡೆ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ನೀರು ಅನ್ನೋದು ಏನು ಅಂತ ಮರೆಯಬೇಡಿ. ಕೃಷ್ಣಗಿರಿ, ಧರ್ಮಪುರಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ದೊಡ್ಡವರ ಮೂಳೆ ಬಿಗಿಯುತ್ತೆ ಅಂತ ಜಪಾನ್ ದೇಶದಿಂದ ಸಾಲ ತಂದು ಹೊಗೇನಕಲ್ ಯೋಜನೆ ಮಾಡಿದರು. 2013ರಲ್ಲಿ ಅದು ಶುರುವಾಯಿತು. ಕುದಿಸಿದರೂ ಫ್ಲೋರೈಡ್ ಹೋಗೋದಿಲ್ಲ, ಅದಕ್ಕೇ ಕಾವೇರಿಯನ್ನ ಅಷ್ಟು ದೂರದಿಂದ ಎತ್ತಿ ತರಬೇಕಾಯಿತು. ಇಂಥ ನಾಡಿನಲ್ಲಿ ನೀರು ಎಲ್ಲಿಂದ ಬಂತು, ತೊಳೆದ ಮೇಲೆ ಎಲ್ಲಿಗೆ ಹೋಯಿತು ಅಂತ ಕೇಳದೆ, ಬಟ್ಟಲಿನ ಬಣ್ಣ ಮಾತ್ರ ಕೇಳಿದರೆ ಹೇಗೆ? ನಮ್ಮ ಹಳೇ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು. ಹದಿನಾಲ್ಕು ಸಾವಿರದ ಬೇಸಿನ್ ನೀರು ಬೀದಿಗೆ ಹೋಗಿ ಪಕ್ಕದ ಮನೆ ಬಾಗಿಲಲ್ಲಿ ಸೊಳ್ಳೆ ಸಾಕುತ್ತೆ.

ಇಷ್ಟೆಲ್ಲ ಹೇಳಿ ನಾನು ಗೆದ್ದೆ ಅಂದುಕೊಂಡಿದ್ದೆ. ಆಗ ಸೊಸೆ ಅಂದಳು: "ಮಾವಾ, ಗಾಜು ಬೇಡ, ಒಪ್ಪಿದೆ. ಆದ್ರೆ ಅತ್ತೆ ನಲವತ್ತು ವರ್ಷ ಬಚ್ಚಲಲ್ಲಿ ಬಗ್ಗಿ ಬಗ್ಗಿ ತೊಳೆದು ಸೊಂಟ ಹಿಡಿಸಿಕೊಂಡವ್ರೆ. ಅವಾಗ ನೀವು ಏನೂ ಲೆಕ್ಕ ಹಾಕ್ಲಿಲ್ವಲ್ಲಾ?"

ನನ್ನ ಬಾಯಿ ಕಟ್ಟಿತು. ನಿಜ. ಅವಳಿಗೆ ನಿಂತು ಕೈ ತೊಳೆಯೋಕೆ ಒಂದು ಜಾಗ ಬೇಕು ಅಂತ ಒಂದು ದಿನವೂ ನನಗೆ ಹೊಳೆಯಲಿಲ್ಲ. ಬಾಕ್ಸಿನ ಲೆಕ್ಕ ಬರುತ್ತಿತ್ತು, ಈ ಲೆಕ್ಕ ಬರಲಿಲ್ಲ. ಆದ್ದರಿಂದ ಬೇಸಿನ್ನೇ ಬೇಡ ಅನ್ನೋ ಹಳಬರಿಗೂ ನನ್ನ ವಿರೋಧ ಇದೆ. ನಿಂತು ತೊಳೆಯೋ ಬೇಸಿನ್ ಪ್ರತಿ ಮನೆಗೂ ಬೇಕು, ಗಾಜಿನದಕ್ಕೆ ಬೇಕಾದರೆ ಬೀಗ ಹಾಕಿ ಅಂಗಡಿಯಲ್ಲೇ ಇಡಲಿ.

ನಾವು ಕೊನೆಗೆ ಬಿಳಿ ಪಿಂಗಾಣಿ ಬೇಸಿನ್ ತಂದೆವು. ಎತ್ತರವನ್ನ ಮೇಸ್ತ್ರಿ ಅಳತೆಯಲ್ಲಿ ಕೂರಿಸಲಿಲ್ಲ, ನನ್ನ ಹೆಂಡತಿಯನ್ನ ನಿಲ್ಲಿಸಿ ಅವಳ ಮೊಣಕೈ ನೋಡಿ ಗುರುತು ಹಾಕಿದೆವು. ಮೊಮ್ಮಗಳಿಗೆ ಒಂದು ಮರದ ಮಣೆ. ನೀರು ಹೋಗೋ ಪೈಪನ್ನ ಹಿತ್ತಲ ಬಾಳೆಗೆ ತಿರುಗಿಸಿದ್ದೀವಿ. ಉಳಿದ ದುಡ್ಡಿನಲ್ಲಿ ಮಾಳಿಗೆಯ ಮಳೆನೀರು ಸಂಪಿಗೆ ಬೀಳೋ ಹಾಗೆ ಪೈಪು ಇಳಿಸಿದೆವು.

ಮೊದಲ ದಿನ ಅವಳು ಹೊಲದಿಂದ ಬಂದು ನೆಟ್ಟಗೆ ನಿಂತು ಕೈ ತೊಳೆದಳು. ಬೇಸಿನ್ ತುಂಬ ಕೆಸರಾಯಿತು. ಯಾರೂ ಬೈಯಲಿಲ್ಲ.